ಒಂದೇ ಹಾಳೆ ಸಾಕು
ಚಿತ್ರದುರ್ಗ ಜಿಲ್ಲೆಯಲ್ಲಿ ನಾನು ತಾಲ್ಲೂಕು ಆರೋಗ್ಯಾಧಿಕಾರಿಯಾಗಿದ್ದಾಗ ಒಂದೇ ಹಳ್ಳಿಯಿಂದ ಮಂಡಿನೋವಿನವರು ಬರುತ್ತಲೇ ಇರುತ್ತಿದ್ದರು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ಫ್ಲೋರೋಸಿಸ್: ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆಗೆ ಬರುವ ಕಾಯಿಲೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅಲ್ಲಿ ದಾಟಿತ್ತು. ನಾನು ನೋವಿನ ಮಾತ್ರೆ ಬರೆಯುತ್ತಿದ್ದೆ. ಕಾಯಿಲೆಯ ಮೂಲ ಬೋರ್‌ವೆಲ್‌ನಲ್ಲಿತ್ತು, ಬೋರ್‌ವೆಲ್ ಪಂಚಾಯಿತಿಯದು.

ತಾಲ್ಲೂಕಿನ ಕೆಲಸಗಳನ್ನು ಶಾಸಕರು ಪರಿಶೀಲಿಸುವ ಕೆಡಿಪಿ ಸಭೆಗೆ ಇಪ್ಪತ್ತು ಸ್ಲೈಡ್ ಮಾಡಿಕೊಂಡು ಹೋದೆ. ಫ್ಲೋರೈಡ್ ಮೂಳೆಗೆ ಹೇಗೆ ಸೇರುತ್ತದೆ ಅಂತ ಚಿತ್ರ ಸಮೇತ. ಐದನೇ ಸ್ಲೈಡಿಗೇ ಶಾಸಕರು, "ಎಲ್ಲ ಸರಿ ಡಾಕ್ಟ್ರೇ. ಈಗ ನಾನು ಯಾರಿಗೆ ಏನು ಹೇಳ್ಬೇಕು?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ನಮಗೆ ಕಲಿಸಿದ್ದು ರೋಗ. ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗುತ್ತದೆ, ಪಂಚಾಯಿತಿಯ ಕ್ರಿಯಾ ಯೋಜನೆ ಯಾವಾಗ ಆಗುತ್ತದೆ, ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ನಾಯಕತ್ವ ತರಬೇತಿ ಅಂತ ಕರೆದಾಗಲೂ ಬಲೂನ್ ಆಟ, ಗುಂಪು ಫೋಟೊ. (ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು.)

ಎರಡನೇ ಸಲ, ಮೊದಲು ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋದೆ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇತ್ತು. ಜನ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಿದ್ದರು. ಮತ್ತೆ ತೊಂದರೆ ಎಲ್ಲಿ? ಒಬ್ಬ ಅಜ್ಜಿ ಹೇಳಿದರು: "ಕ್ಯಾನಿನ ನೀರು ಮುದ್ದೆಗೂ ಸಾರಿಗೂ ಹಾಕಿದ್ರೆ ಸಾಕಾಗುತ್ತೇನಪ್ಪಾ?" ಅಡುಗೆಯೆಲ್ಲ ಬೋರ್ ನೀರಿನಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಅಂಶ ಜಾಸ್ತಿಯಾಗುತ್ತದೆ. ನನ್ನ ಇಪ್ಪತ್ತು ಸ್ಲೈಡಿನಲ್ಲಿ ಅಡುಗೆಮನೆಯೇ ಇರಲಿಲ್ಲ.

ಆಗ ಒಂದೇ ಹಾಳೆ ಬರೆದೆ. ಯಾವ ಬೋರ್‌ವೆಲ್, ಫ್ಲೋರೈಡ್ ಎಷ್ಟು, ಎಷ್ಟು ಮನೆ. ಕೇಳಿದ್ದು ಎರಡೇ: ಅಡುಗೆಗೂ ಸಾಲುವಷ್ಟು ಘಟಕದ ನೀರು, ಕುಡಿಯಬಾರದು ಅಂತ ಗೊತ್ತಾಗಲು ಆ ಬೋರ್‌ವೆಲ್‌ಗೆ ಕೆಂಪು ಬಣ್ಣ. ಯಾರು, ಯಾವ ತಿಂಗಳೊಳಗೆ ಮಾಡಬೇಕು ಅಂತಲೂ ಬರೆದೆ. ಸಭೆಗೆ ವಾರ ಮೊದಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಕುಡಿಯುವ ನೀರಿನ ಎಂಜಿನಿಯರ್‌ಗೂ ಟೀ ಕುಡಿಯುತ್ತಾ ತೋರಿಸಿದೆ. ಎಂಜಿನಿಯರ್ ಪೆನ್ನು ತೆಗೆದು ಒಂದು ಸಾಲು ತಿದ್ದಿದರು. ಅಲ್ಲಿಂದ ಅದು ಅವರ ಹಾಳೆಯೂ ಆಯಿತು. ಸಭೆಯಲ್ಲಿ ಶಾಸಕರಿಗೆ ಉತ್ತರ ಕೊಟ್ಟವರು ಅವರೇ. ನಾನು ಸುಮ್ನೆ ಕೂತಿದ್ದೆ.

ಈಗ ದಾವಣಗೆರೆಯಲ್ಲಿ ಹೊಸ ವೈದ್ಯರಿಗೆ ಪಾಠ ಮಾಡುವಾಗ ಸ್ಲೈಡ್ ಬೇಡ ಅನ್ನುತ್ತೇನೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಹಣ ಬರುತ್ತದಲ್ವಾ, ಅದನ್ನು ಹೇಗೆ ಖರ್ಚು ಮಾಡ್ತೀರಿ, ಒಂದು ಪುಟ ಬರೆದು ತನ್ನಿ ಅನ್ನುತ್ತೇನೆ. ಅಂಥ ಸಮಿತಿ ಇದೆ ಅನ್ನುವುದೇ ಕೆಲವರಿಗೆ ಹೊಸ ಸುದ್ದಿ. ಅವರನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕಳಿಸುತ್ತೇನೆ.