‘ಗೋ ಟು ದ ಡಾಗ್ಸ್’: ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದದು

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ‘ಗೋ ಟು ದ ಡಾಗ್ಸ್’ಗೆ ‘ಹಾಳಾಗು’ ಎಂದು ಒಂದೇ ಪದದಲ್ಲಿ ಅರ್ಥ ಕೊಟ್ಟು ಮುಂದೆ ಹೋಗುತ್ತವೆ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತು ಹಾಕಲು ಅಷ್ಟು ಸಾಕು. ಸ್ವಂತ ವಾಕ್ಯದಲ್ಲಿ ಬಳಸಿ ಅಂದಾಗ ಸಾಲದು. ಹಾಲು ಒಡೆದರೂ, ಫೋನು ನೀರಿಗೆ ಬಿದ್ದರೂ ನಾವು ‘ಹಾಳಾಯ್ತು’ ಅನ್ನುತ್ತೇವೆ. ಇಂಥ ಕಡೆ ಈ ಇಂಗ್ಲಿಷ್ ಮಾತು ಹೊಂದುವುದೇ ಇಲ್ಲ.

ಒಂದು ಕಾಲಕ್ಕೆ ಚೆನ್ನಾಗಿದ್ದು, ನೋಡಿಕೊಳ್ಳುವವರಿಲ್ಲದೆ ಬರಬರುತ್ತಾ ಕೆಟ್ಟದ್ದಕ್ಕೆ ಇದನ್ನು ಹೇಳುವುದು. ಹೋಟೆಲು, ಶಾಲೆ, ಕ್ಲಬ್ಬು, ಪತ್ರಿಕೆ, ಊರು, ಇಡೀ ದೇಶ: ಹೆಸರು, ಶಿಸ್ತು, ಗುಣಮಟ್ಟ ಅಂತ ಏನಾದರೂ ಇರುವಂಥವು. ‘ದಿಸ್ ಹೋಟೆಲ್ ಹ್ಯಾಸ್ ಗಾನ್ ಟು ದ ಡಾಗ್ಸ್ ಸಿನ್ಸ್ ದಿ ಓಲ್ಡ್ ಕುಕ್ ಲೆಫ್ಟ್.’ ಹಳೇ ಭಟ್ಟರು ಬಿಟ್ಟು ಹೋದಮೇಲೆ ಹೋಟೆಲು ಎಕ್ಕುಟ್ಟಿ ಹೋಯ್ತು, ಅಷ್ಟೇ. ಇಲ್ಲಿ ‘ಸಿನ್ಸ್’ ಇರುವುದನ್ನು ಗಮನಿಸಿ. ಯಾವಾಗಿನಿಂದ ಕೆಟ್ಟಿತು ಎಂಬುದನ್ನು ಅದು ಹೇಳುತ್ತದೆ. ಅದೇ ಹೋಟೆಲು ರಾತ್ರೋರಾತ್ರಿ ಬೆಂಕಿಗೆ ಆಹುತಿಯಾಗಿದ್ದರೆ ಈ ಮಾತು ಸಲ್ಲದು.

ಇನ್ನೊಂದು ವಿಷಯವನ್ನು ಗೈಡುಗಳು ಹೇಳುವುದಿಲ್ಲ: ಇದು ವರದಿಯ ಭಾಷೆಯಲ್ಲ, ಗೊಣಗಾಟದ ಭಾಷೆ. ‘ದ ಕಂಟ್ರಿ ಈಸ್ ಗೋಯಿಂಗ್ ಟು ದ ಡಾಗ್ಸ್’ ಅಂದವರು ದೇಶದ ಸ್ಥಿತಿಗಿಂತ ತಮ್ಮ ಅಸಮಾಧಾನವನ್ನೇ ಹೆಚ್ಚು ಹೇಳಿರುತ್ತಾರೆ. ಹಾಗಾಗಿ ಪ್ರಬಂಧ, ಅರ್ಜಿ, ವರದಿಗಳಲ್ಲಿ ‘ಡಿಟೀರಿಯೊರೇಟ್’ ಅಥವಾ ‘ಡಿಕ್ಲೈನ್’ ಬರೆಯುವುದೇ ಲೇಸು. ಕುಡಿತ, ಜೂಜಿಗೆ ಬಿದ್ದು ಕೆಟ್ಟುಹೋದ ಮನುಷ್ಯನಿಗೂ ಇದನ್ನು ಅನ್ವಯಿಸುವುದುಂಟು, ಕಾಯಿಲೆ ಬಿದ್ದವನಿಗಲ್ಲ.

ಮೂಲದ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ: ಗ್ರೇಹೌಂಡ್ ನಾಯಿಗಳ ಓಟಕ್ಕೆ ಬಾಜಿ ಕಟ್ಟಿ ದುಡ್ಡು ಕಳೆದುಕೊಂಡವರಿಂದ ಈ ಮಾತು ಹುಟ್ಟಿತಂತೆ. ಕೇಳಲು ಸೊಗಸು, ಆದರೆ ಕಾಲ ತಾಳೆಯಾಗುವುದಿಲ್ಲ. ಯಂತ್ರದ ಮೊಲವನ್ನು ಅಟ್ಟಿಸಿಕೊಂಡು ಓಡುವ ಆ ಪಂದ್ಯ ಬ್ರಿಟನ್ನಿನಲ್ಲಿ ನೆಲೆಯೂರಿದ್ದು 1926ರಲ್ಲಿ, ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೈದಾನದಲ್ಲಿ. ನುಡಿಗಟ್ಟು ಅದಕ್ಕಿಂತ ಶತಮಾನಗಳಷ್ಟು ಹಳೆಯದು. ಮನುಷ್ಯರು ತಿನ್ನಲಾಗದ ಹಳಸಲನ್ನು ನಾಯಿಗೆ ಎಸೆಯುತ್ತಿದ್ದುದೇ ಇದರ ಹಿನ್ನೆಲೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ‘ನಾಯಿ ಪಾಲಾಯ್ತು’ ಅನ್ನುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ನಾಯಿಪಾಡು ಮಾತ್ರ ಬೇರೆ, ಅದು ಕಷ್ಟದ ಬದುಕು.

ವ್ಯಾಕರಣದಲ್ಲಿ ಎಡವುವುದು ಒಂದೇ ಕಡೆ. ‘ದ’ ಬಿಟ್ಟು ‘ಗೋ ಟು ಡಾಗ್ಸ್’ ಎಂದು ಬರೆಯಬೇಡಿ. ‘ಡಾಗ್’ ಎಂಬ ಏಕವಚನವೂ ನಡೆಯದು.

ಹತ್ತಿರದ ನುಡಿಗಟ್ಟುಗಳಲ್ಲಿ ‘ಗೋ ಟು ಪಾಟ್’ ಹೆಚ್ಚುಕಡಿಮೆ ಇದೇ. ‘ಫ್ರಮ್ ಬ್ಯಾಡ್ ಟು ವರ್ಸ್’ ಅನ್ನಲು ಮೊದಲೇ ಪರಿಸ್ಥಿತಿ ಕೆಟ್ಟಿರಬೇಕು. ರೋಗಿಯ ಸ್ಥಿತಿ ಇದ್ದಕ್ಕಿದ್ದಂತೆ ಬಿಗಡಾಯಿಸಿದರೆ ‘ಟುಕ್ ಎ ಟರ್ನ್ ಫಾರ್ ದ ವರ್ಸ್’. ‘ಗೋ ಡೌನ್‌ಹಿಲ್’ ಆರೋಗ್ಯಕ್ಕೂ ಆದೀತು, ವ್ಯಾಪಾರಕ್ಕೂ ಆದೀತು, ಅದರಲ್ಲಿ ತಿರಸ್ಕಾರ ಕಡಿಮೆ. ಆದರೆ ‘ಇಟ್ಸ್ ಆಲ್ ಡೌನ್‌ಹಿಲ್ ಫ್ರಮ್ ಹಿಯರ್’ ಎಂದು ಬಂದರೆ ಹಿಂದಿನ ವಾಕ್ಯ ನೋಡದೆ ಉತ್ತರ ಬರೆಯಬೇಡಿ. ಕಷ್ಟದ ಭಾಗ ಮುಗಿಯಿತು, ಇನ್ನು ಸಲೀಸು ಎಂಬ ಅರ್ಥವೂ ಅದಕ್ಕಿದೆ.