ಮೊಣಕಾಲುದ್ದ ನೀರಿನಲ್ಲಿ ತೇಲುವ ದೋಣಿ

ಒಂದು ಟಬ್ಬಿಗೆ ನೀರು ತುಂಬಿ. ಸ್ಟೀಲ್ ಲೋಟ ಒಂದು, ಅಂಚಿರುವ ಅಗಲ ತಟ್ಟೆ ಒಂದು ತೇಲಿಬಿಡಿ. ಎರಡಕ್ಕೂ ಒಂದೊಂದು ಹಿಡಿ ಮರಳು ಹಾಕಿ. ಲೋಟ ಅರ್ಧ ಮುಳುಗಿ ಓಲಾಡುತ್ತದೆ. ತಟ್ಟೆ ಬರೀ ತಳ ಒದ್ದೆ ಮಾಡಿಕೊಂಡು ಆರಾಮಾಗಿ ನಿಲ್ಲುತ್ತದೆ. ತೀರದ ಹತ್ತಿರ, ಅಳಿವೆಯ ಕೆಸರಿನ ಮೇಲೆ ಮೀನು ಹಿಡಿಯಲು ಸಣ್ಣ ಅಲ್ಯೂಮಿನಿಯಂ ದೋಣಿ ಹುಡುಕುವವರಿಗೆ ಬೇಕಾದ ಅರ್ಧ ವಿಜ್ಞಾನ ಈ ಟಬ್ಬಿನಲ್ಲೇ ಇದೆ.

ದೋಣಿ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಉದ್ದ ಎಷ್ಟು, ಮೋಟರ್ ಎಷ್ಟು ಎಚ್‌ಪಿ ಎಂದು. ನಾನಾದರೆ ಮೊದಲು ಕೇಳುವುದು ಬೇರೆ: ಸಾಮಾನು, ಜನ ಎಲ್ಲ ಹತ್ತಿದ ಮೇಲೆ ಇದು ಎಷ್ಟು ಸೆಂಟಿಮೀಟರ್ ಮುಳುಗುತ್ತದೆ?

ಲೆಕ್ಕ ಸುಲಭ. ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳಬೇಕು. ತಗಡಿನ ದೋಣಿ 120 ಕಿಲೋ, ಮೋಟರ್ ಮತ್ತು ಪೆಟ್ರೋಲ್ 60, ಇಬ್ಬರು ಜನ 150, ಬ್ಯಾಟರಿ, ಗಾಳ, ಐಸ್ ಪೆಟ್ಟಿಗೆ ಎಲ್ಲ ಸೇರಿ 70 ಎಂದುಕೊಳ್ಳಿ. ಒಟ್ಟು 400 ಕಿಲೋ, ಅಂದರೆ ಸುಮಾರು 400 ಲೀಟರ್ ನೀರು. ತಳ ಚಪ್ಪಟೆ, ಅಗಲ 1.2 ಮೀಟರ್, ನೀರಿಗೆ ತಾಗುವ ಉದ್ದ 3.4 ಮೀಟರ್ ಆದರೆ ತಳದ ವಿಸ್ತೀರ್ಣ ಹೆಚ್ಚುಕಮ್ಮಿ 4 ಚದರ ಮೀಟರ್. ಭಾಗಿಸಿದರೆ 10 ಸೆಂಟಿಮೀಟರ್. ಇನ್ನೊಬ್ಬ ಗೆಳೆಯ ಹತ್ತಿದರೆ ಮತ್ತೆ ಎರಡು ಸೆಂಟಿಮೀಟರ್. ಉಪ್ಪುನೀರು ಸಿಹಿನೀರಿಗಿಂತ ಸ್ವಲ್ಪ ಭಾರ, ಹಾಗಾಗಿ ಅಲ್ಲಿ ಕೂದಲೆಳೆಯಷ್ಟು ಲಾಭ ಇದೆ. ಲೆಕ್ಕಕ್ಕೆ ಹಿಡಿಯುವಷ್ಟೇನಲ್ಲ.

ಇದೇ ತೂಕ, ಇದೇ ಅಳತೆ, ಆದರೆ ತಳ 15 ಡಿಗ್ರಿ ಓರೆಯಾಗಿ 'ವಿ' ಆಕಾರದಲ್ಲಿದ್ದರೆ? ಮುಳುಗುವುದು ಸುಮಾರು 18 ಸೆಂಟಿಮೀಟರ್. ಆಳದ ನೀರಲ್ಲಿ ಈ ಎಂಟು ಸೆಂಟಿಮೀಟರ್ ಯಾರ ಗಮನಕ್ಕೂ ಬರುವುದಿಲ್ಲ. ನೀರು ಇಳಿಯುತ್ತಿರುವ ಹೊತ್ತಿನಲ್ಲಿ ಅದೇ ಎಂಟು ಸೆಂಟಿಮೀಟರ್ ನಿಮ್ಮನ್ನು ಮುಂದಿನ ಉಬ್ಬರದವರೆಗೆ ಕೆಸರಲ್ಲಿ ಕೂರಿಸಬಹುದು.

ಮಾರುವವರು ಹೇಳುವ ಸಂಖ್ಯೆ ಎಷ್ಟೋ ಸಲ ಖಾಲಿ ದೋಣಿಯದು. ಅದರಲ್ಲಿ ಮೋಟರಿನ ಕಾಲೂ, ಅಂದರೆ ದೋಣಿಯ ಹಿಂದೆ ನೀರಿಗಿಳಿಯುವ ಅದರ ಕೆಳಭಾಗವೂ, ಸೇರಿರುವುದಿಲ್ಲ. ಕಾಲು ಪೂರ್ತಿ ಇಳಿಸಿದಾಗ ಪ್ರೊಪೆಲರ್ ಮತ್ತು ಅದರ ಕೆಳಗಿನ ರೆಕ್ಕೆ ತಳಕ್ಕಿಂತ ಒಂದು ಗೇಣಾದರೂ ಕೆಳಗಿರುತ್ತವೆ. ಕಾಲನ್ನು ಓರೆ ಮಾಡಿ ಎತ್ತಬಹುದು, ನಿಜ. ಆದರೆ ಎಂಜಿನ್ ತಣ್ಣಗಾಗಲು ನೀರು ಎಳೆದುಕೊಳ್ಳುವ ಕಿಂಡಿಯೂ ಆ ಕಾಲಲ್ಲೇ ಇದೆ. ಅದು ನೀರಿನಿಂದ ಮೇಲೆ ಬಂದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಕೆಸರಿಗೆ ತಾಗಿದರೆ ಮರಳು ಒಳಗೆ ಹೋಗಿ ಪಂಪು ಸವೆಯುತ್ತದೆ. ಇನ್ನೊಂದು ಮಾತು. ದೋಣಿ ವೇಗ ಹಿಡಿದು ನೀರಿನ ಮೇಲೆ ಜಾರುವಾಗ ಕಡಿಮೆ ನೀರು ಸಾಕು. ಆದರೆ ನಿಂತಲ್ಲಿಂದ ಜೋರಾಗಿ ಹೊರಡುವಾಗ ಮೂತಿ ಎದ್ದು ಹಿಂಭಾಗ ಕುಸಿಯುತ್ತದೆ, ಆಗ ತೇಲಲು ಬೇಕಾದದ್ದಕ್ಕಿಂತ ಜಾಸ್ತಿ ಆಳ ಬೇಕು. ಜಾರಿಕೊಂಡು ಬಂದ ಜಾಗದಲ್ಲಿ ನಿಲ್ಲಿಸಿದರೆ ಮತ್ತೆ ಹೊರಡಲು ಆಗದಿರುವುದು ಇದರಿಂದಲೇ. ದೋಣಿಯಲ್ಲಿ ಒಂದು ಉದ್ದದ ಗಳ ಇಟ್ಟುಕೊಳ್ಳಿ.

ಹಾಗಾದರೆ ಚಪ್ಪಟೆ ತಳವೇ ಸರಿ ಅಲ್ವಾ? ಪೂರ್ತಿ ಅಲ್ಲ. ನಿಂತು ಗಾಳ ಎಸೆಯುವವರಿಗೆ ಅದು ವರ. ದೋಣಿ ಓಲಾಡದೆ ನಿಲ್ಲುವ ಗುಣ ಅಗಲದ ಘನದಂತೆ ಏರುತ್ತದೆ, 1.2 ಮೀಟರ್ ಅಗಲವನ್ನು 1.4 ಮಾಡಿದರೆ ಸುಮಾರು 60 ಶೇಕಡಾ ಜಾಸ್ತಿ. ಆದರೆ ಗಾಳಿ ಎದ್ದು ಚಿಕ್ಕ ಅಲೆಗಳು ಬಂದವೋ, ಚಪ್ಪಟೆ ಮೂತಿಗೆ ಒಂದೊಂದೂ ಕಪಾಳಕ್ಕೆ ಹೊಡೆದಂತೆ ಬಡಿಯುತ್ತದೆ. ಬೆನ್ನಿಗೂ ನೋವು, ಕಿವಿಗೂ ಕಿರಿಕಿರಿ. ಮೀನಿನ ಕಿವಿಗೂ! ಮೀನಿಗೆ ತಲೆಯೊಳಗೆ ಕಿವಿ ಇದೆ, ಮೈಯ ಎರಡೂ ಬದಿಗೆ ನೀರಿನ ಅಲುಗಾಟ ತಿಳಿಯುವ ಸಾಲೂ ಇದೆ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ನಿಮ್ಮ ಮಾತು ನೀರಿನ ಮೇಲ್ಮೈಗೆ ಬಡಿದು ಬಹುಪಾಲು ವಾಪಸ್ ಬರುತ್ತದೆ. ತಗಡಿನ ಮೇಲೆ ಬಿದ್ದ ಇಕ್ಕಳದ ಸದ್ದು ಹಾಗಲ್ಲ, ನೇರ ನೀರಿಗಿಳಿಯುತ್ತದೆ. ನೆಲಕ್ಕೆ ಮೆತ್ತನೆ ಫೋಮ್ ಮ್ಯಾಟ್ ಹಾಕುವುದು ಶೋಕಿ ಅಲ್ಲ. ಮೂತಿಯಲ್ಲಿ ಸ್ವಲ್ಪ 'ವಿ', ಹಿಂದಕ್ಕೆ ಬರುತ್ತಾ ಚಪ್ಪಟೆ, ಇಂಥದ್ದೇ ನನ್ನ ಆಯ್ಕೆ.

ತಗಡಿನ ದಪ್ಪದಲ್ಲಿ ಜಿಪುಣತನ ಬೇಡ. ಅಲ್ಯೂಮಿನಿಯಂ ಉಕ್ಕಿನ ಮೂರರಲ್ಲಿ ಒಂದು ಪಾಲು ತೂಕ, ಬಾಗದೆ ನಿಲ್ಲುವ ಗುಣವೂ ಮೂರರಲ್ಲಿ ಒಂದೇ ಪಾಲು. ಆದರೆ 2 ಮಿಲಿಮೀಟರ್ ತಗಡಿನ ಬದಲು 3 ಹಾಕಿದರೆ ತೂಕ ಒಂದೂವರೆ ಪಟ್ಟಾಗುತ್ತದೆ, ಬಿಗಿ ಮೂರು ಪಟ್ಟಿಗಿಂತ ಹೆಚ್ಚು. ರಿವೆಟ್ ಹಾಕಿದ್ದು ವರ್ಷಗಟ್ಟಲೆ ಅಲೆ ಬಡಿದು ಸಡಿಲವಾಗಿ ಜಿನುಗಬಹುದು. ವೆಲ್ಡಿಂಗ್ ಆದರೆ ಆ ತಲೆನೋವು ಕಮ್ಮಿ.

ಲೋಹ ಯಾವುದು ಅಂತಲೂ ಕೇಳಿ. ಮ್ಯಾಗ್ನೀಸಿಯಂ ಬೆರೆಸಿದ 5052, 5083 ಎಂಬ ಮಿಶ್ರಲೋಹಗಳು ಉಪ್ಪುನೀರನ್ನು ಚೆನ್ನಾಗಿ ತಡೆಯುತ್ತವೆ. ಗಾಳಿ ತಾಗಿದ ಕೂಡಲೇ ಮೇಲೆ ಮೂಡುವ, ಕಣ್ಣಿಗೆ ಕಾಣದ ಆಕ್ಸೈಡ್ ಪೊರೆಯೇ ಅಲ್ಯೂಮಿನಿಯಂನ ಕವಚ. ಈ ಕವಚ ಸೋಲುವುದು ತಾಮ್ರದ ಮುಂದೆ. ತಾಮ್ರದ ತಂತಿಯ ಒಂದು ತುಂಡು, ಹಿತ್ತಾಳೆಯ ಒಂದು ಸ್ಕ್ರೂ ತಳದ ಉಪ್ಪುನೀರಲ್ಲಿ ಬಿದ್ದಿದ್ದರೆ ಸಾಕು, ಅಲ್ಲೊಂದು ಪುಟ್ಟ ಬ್ಯಾಟರಿ ತಯಾರು. ಕರಗುವುದು ತಂತಿ ಅಲ್ಲ, ದೋಣಿ. ಮೊದಲು ಬಿಳಿ ಪುಡಿ, ಆಮೇಲೆ ಗುಳಿ, ಆಮೇಲೆ ತೂತು. ತಾಮ್ರ ಬೆರೆತ ಬಣ್ಣವನ್ನು ತಳಕ್ಕೆ ಬಳಿಯಬಾರದು ಎನ್ನುವುದೂ ಇದಕ್ಕೇ. ಗಾಳಕ್ಕೆ ಕಟ್ಟುವ ಸೀಸದ ಗುಂಡೂ, ತಾಮ್ರದಷ್ಟಲ್ಲದಿದ್ದರೂ, ಇದೇ ಕೆಲಸ ಮಾಡುತ್ತದೆ.

ದೋಣಿಯ ಹಿಂಭಾಗದಲ್ಲಿ, ಮೋಟರಿನ ಕಾಲಲ್ಲಿ ಸತುವಿನದೋ, ಬೇಗ ಕರಗುವ ಬೇರೆ ಅಲ್ಯೂಮಿನಿಯಂ ಮಿಶ್ರಲೋಹದ್ದೋ ಒಂದು ಗಟ್ಟಿಯನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ದೋಣಿಯ ಬದಲು ತಾನು ಕರಗುವುದೇ ಅದರ ಕೆಲಸ. ಅದು ಸವೆದಿದ್ದರೆ ಬೇಜಾರು ಬೇಡ, ಹೊಸದು ಹಾಕಿ. ವರ್ಷವಾದರೂ ಸವೆಯದೆ ಹೊಸದರಂತೆಯೇ ಇದ್ದರೆ ನೋಡಿ, ಯಾರೋ ಅದಕ್ಕೂ ಸೇರಿಸಿ ಬಣ್ಣ ಬಳಿದಿರಬಹುದು.