ಹರಡು ಮುರಿದವರ ಮನೆ ಆರೈಕೆ: ಕಾಲೂರುವುದು ಯಾವಾಗ, ಎಷ್ಟು?

ಟಿಬಿಯಾ (ಮೊಣಕಾಲ ಕೆಳಗಿನ ದಪ್ಪ ಮೂಳೆ) ಮತ್ತು ಫಿಬುಲಾದ (ಅದರ ಪಕ್ಕದ ತೆಳು ಮೂಳೆ) ಕೆಳತುದಿಗಳು ಸೇರಿ ಆದ ಕವಲಿನೊಳಗೆ ಟೇಲಸ್ (ಹಿಮ್ಮಡಿ ಮೂಳೆಯ ಮೇಲಿನ ಮೂಳೆ) ಕೂತಿರುತ್ತದೆ. ಅದೇ ಪಾದದ ಕೀಲು. ಹೊರಬದಿಯ ಹರಡಿನ ಉಬ್ಬು ಫಿಬುಲಾದ್ದು, ಒಳಬದಿಯದು ಟಿಬಿಯಾದ್ದು. ವೇಬರ್ ವರ್ಗೀಕರಣ ಗೊತ್ತಿರಬೇಕು: ಫಿಬುಲಾ ಮುರಿದದ್ದು ಎರಡೂ ಮೂಳೆಗಳನ್ನು ಕೆಳತುದಿಯಲ್ಲಿ ಬಿಗಿದಿಡುವ ಕಟ್ಟಾದ ಸಿಂಡೆಸ್ಮೋಸಿಸ್‌ಗಿಂತ ಕೆಳಗಾದರೆ ಎ, ಅದೇ ಮಟ್ಟದಲ್ಲಾದರೆ ಬಿ, ಮೇಲಾದರೆ ಸಿ. ಎ ಬಗೆಯವರು ಸಾಮಾನ್ಯವಾಗಿ ಬೇಗ ಕಾಲೂರುತ್ತಾರೆ. ಸಿ ಬಗೆಯವರಿಗೆ ಹೆಚ್ಚಾಗಿ ಪ್ಲೇಟು, ಸ್ಕ್ರೂ ಬೇಕಾಗುತ್ತದೆ. ಹಾಗಾಗಿ ರೋಗಿಯ ಮನೆಗೆ ಹೋಗುವ ಮೊದಲು ಡಿಸ್ಚಾರ್ಜ್ ಚೀಟಿ ಓದಿ.

ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಎರಡು–ಮೂರು ವಾರದಲ್ಲಿ ಮೆದು ಕ್ಯಾಲಸ್ (ಮೂಳೆ ಕೂಡಿಸುವ ಹೊಸ ಅಂಗಾಂಶ), ಆಮೇಲೆ ಗಟ್ಟಿ ಕ್ಯಾಲಸ್. ಸುಮಾರು 6 ವಾರಕ್ಕೆ ಪಟ್ಟಿ ಬಿಚ್ಚಿದಾಗ ಮನೆಯವರು "ವಾಸಿಯಾಯ್ತಲ್ಲ" ಅನ್ನುತ್ತಾರೆ. ಮೂಳೆ ಕೂಡಿದೆ, ಅಷ್ಟೆ. ಮೀನಖಂಡ ಸೊರಗಿದೆ, ಕೀಲು ಬಿಗಿದಿದೆ, ಸಂಜೆಯ ಊತ ಇನ್ನೂ ತಿಂಗಳುಗಟ್ಟಲೆ ಇರಬಹುದು. ಸಿಗರೇಟು, ಬೀಡಿ ಸೇದುವವರಲ್ಲಿ ಮೂಳೆ ಕೂಡುವುದೂ ತಡವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ "ನೋವಾದರೆ ನಿಲ್ಲಿಸಿ" ಎಂಬ ನಮ್ಮ ಮಾಮೂಲಿ ಮಾತಿಗೆ ಅರ್ಥವೇ ಇಲ್ಲ, ಅವರಿಗೆ ನೋವೇ ತಿಳಿಯುವುದಿಲ್ಲ.

ಮೊದಲ ವಾರಗಳಲ್ಲಿ ಕಾಲು ಎದೆಮಟ್ಟಕ್ಕಿಂತ ಮೇಲಿರಲಿ. ಕುರ್ಚಿಯ ಮುಂದೆ ಸ್ಟೂಲ್ ಇಟ್ಟರೆ ಸಾಲದು, ಮಲಗಿ ದಿಂಬುಗಳ ಮೇಲಿಡಬೇಕು. ಮಾತ್ರೆಗೂ ಬಗ್ಗದ ನೋವು, ಬೆರಳುಗಳು ಮರಗಟ್ಟುವುದು, ನೀಲಿಗಟ್ಟುವುದು, ಮೀನಖಂಡದಲ್ಲಿ ಹೊಸ ನೋವು–ಊತ, ಉಸಿರು ಕಟ್ಟುವುದು: ಇವಕ್ಕೆ ಮನೆಮದ್ದಿಲ್ಲ, ತಕ್ಷಣ ಆಸ್ಪತ್ರೆ. ನಮ್ಮಲ್ಲಿ ಬಿದಿರು ಕಡ್ಡಿಯ ನಾಟಿ ಕಟ್ಟಿಗೆ ಹೋಗುವವರು ಬಹಳ. ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಬಿಗಿ ಕಟ್ಟಿನಿಂದ ರಕ್ತ ಹರಿಯದೆ ಕಾಲು ಕೊಳೆತ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ ಎಂದು ಸ್ಪಷ್ಟವಾಗಿ ಹೇಳಿ.

"ಭಾರ ಹಾಕಬೇಡಿ" ಎನ್ನುವುದರಲ್ಲೂ ಹಂತಗಳಿವೆ: ಪಾದ ನೆಲಕ್ಕೆ ತಾಗಲೇಬಾರದು, ಬರೀ ತಾಗಿಸಬಹುದು, ಅರ್ಧ ಭಾರ, ಪೂರ್ತಿ ಭಾರ. ಅರ್ಧ ಎಂದರೆ ಎಷ್ಟು ಎಂದು ರೋಗಿಗೆ ಮಾತಿನಲ್ಲಿ ತಿಳಿಯುವುದಿಲ್ಲ. ತೂಕದ ಯಂತ್ರ ತನ್ನಿ: 60 ಕೆ.ಜಿ. ಇರುವವರು ಪೆಟ್ಟಾದ ಕಾಲನ್ನು ಅದರ ಮೇಲಿಟ್ಟು 30 ಬರುವಷ್ಟು ಒತ್ತಿ ಅಭ್ಯಾಸ ಮಾಡಲಿ. ಊರುಗೋಲಿನ ಮೇಲ್ತುದಿಗೂ ಕಂಕುಳಿಗೂ ನಡುವೆ ಎರಡು–ಮೂರು ಬೆರಳು ಜಾಗವಿರಬೇಕು, ಭಾರ ಅಂಗೈಗೆ ಬರಬೇಕು. ಕಂಕುಳಿಗೆ ಒತ್ತಿದರೆ ರೇಡಿಯಲ್ ನರಕ್ಕೆ ಪೆಟ್ಟಾಗಿ ಮಣಿಕಟ್ಟು ಜೋತುಬೀಳಬಹುದು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು. ಇಳಿಯುವಾಗ ಊರುಗೋಲು, ಪೆಟ್ಟಾದ ಕಾಲು ಮೊದಲು.

ಪಠ್ಯಪುಸ್ತಕಗಳು ನಡಿಗೆಗೆ ಬಹಳ ಪುಟ ಕೊಡುತ್ತವೆ. ನಮ್ಮ ಮನೆಗಳಲ್ಲಿ ಅಷ್ಟು ಸಾಲದು. ಸಮತಟ್ಟು ನೆಲದಲ್ಲಿ ನಡೆಯಲು ಸುಮಾರು 10 ಡಿಗ್ರಿ ಡಾರ್ಸಿಫ್ಲೆಕ್ಷನ್ (ಪಾದವನ್ನು ಮೊಣಕಾಲ ಕಡೆಗೆ ಮೇಲಕ್ಕೆ ಬಾಗಿಸುವುದು) ಸಾಕು. ಹಿಮ್ಮಡಿ ಎತ್ತದೆ ಕುಕ್ಕುರುಗಾಲಲ್ಲಿ ಕೂರಲು ಅದಕ್ಕಿಂತ ಬಹಳ ಹೆಚ್ಚು ಬೇಕು. ಕಾಲೂರಲು ಅನುಮತಿ ಸಿಗುವವರೆಗೆ ಕಮೋಡ್ ಕುರ್ಚಿ ಬಾಡಿಗೆಗೆ ತರಿಸಿ. ಪೂರ್ತಿ ಭಾರಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಗೋಡೆ ಪರೀಕ್ಷೆ ಮಾಡಿಸಿ: ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗಬೇಕು, ಹೆಬ್ಬೆರಳು ಗೋಡೆಯಿಂದ ಎಷ್ಟು ಸೆಂ.ಮೀ. ದೂರ ಹೋಗಬಹುದೆಂದು ಅಳೆದು ಇನ್ನೊಂದು ಕಾಲಿನೊಂದಿಗೆ ಹೋಲಿಸಿ. ಪ್ರತಿ ವಾರ ಬರೆದಿಡಿ.

ಬೈಕ್ ಓಡಿಸುವವರಾದರೆ ಯಾವ ಕಾಲು ಎಂದು ಕೇಳಿ: ಎಡಗಾಲು ಗೇರಿಗೆ, ಬಲಗಾಲು ಹಿಂದಿನ ಬ್ರೇಕಿಗೆ. ಗೇರಿಲ್ಲದ ಸ್ಕೂಟರಿನಲ್ಲೂ ಸಿಗ್ನಲ್‌ನಲ್ಲಿ ಕಾಲು ಕೊಟ್ಟೇ ನಿಲ್ಲಬೇಕು.